ಮೊದಲ ಸಾಲಿನ ಜಾಗ

ಅವ್ವ ತೀರಿಕೊಂಡಳೆಂಬ ಸುದ್ದಿ ಕಾತ್ಸುಮಿಗೆ ಅಂಚೆಯಲ್ಲಿ ಬಂತು. ಅದೂ ಅವಳು ತೀರಿಕೊಂಡ ನಲವತ್ತಾರನೇ ದಿನ.

ಸಾಯುವಾಗ ಅವಳ ತಲೆ ಇದ್ದದ್ದು ಅವನ ತೋಳಿನ ಮೇಲೆ. ತುಟಿಗೆ ನೀರು ತಾಗಿಸಿದವನು ಅವನು. ಸುಟ್ಟ ಮೇಲೆ ಕಡ್ಡಿಯಿಂದ ಎಲುಬು ಆರಿಸಿ ಕುಡಿಕೆಗೆ ತುಂಬಿದವನು ಅವನು. ಆ ಕುಡಿಕೆ ಬಿಳಿ ಬಟ್ಟೆ ಸುತ್ತಿಕೊಂಡು ಅವನ ಮನೆಯ ಒಳಕೋಣೆಯಲ್ಲೇ ಕೂತಿತ್ತು. ಹೀಗಿರುವಾಗ ಬೂದು ಅಂಚಿನ ಒಂದು ಕಾರ್ಡು ಬಂದು, ‘ನಮ್ಮ ಹೆತ್ತ ತಾಯಿ ಕಾರಾಸಾವಾ ಕಿನು ತೊಂಬತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡ ಕಾರಣ ಈ ಸಲ ಹೊಸ ವರ್ಷದ ಶುಭಾಶಯ ಹೇಳುವುದಿಲ್ಲ, ಮನ್ನಿಸಬೇಕು’ ಎಂದು ಅಚ್ಚಿನ ಅಕ್ಷರದಲ್ಲಿ ತಿಳಿಸಿತು. ಕೆಳಗೆ ಹೆಸರು, ಮೊಮೊಸೆ ಮಸಾತೊಶಿ. ಕಾತ್ಸುಮಿಯ ಒಡಹುಟ್ಟಿದ ಅಣ್ಣ.

ಸಾವಾದ ಮನೆಯವರು ಚಳಿಗಾಲದ ಮೊದಲಿಗೆ ಇಂಥ ಕಾರ್ಡು ಕಳಿಸುತ್ತಾರೆ. ಪರಿಚಯದವರಿಗೆ, ಕಚೇರಿಯವರಿಗೆ, ದೂರದ ನೆಂಟರಿಗೆ. ಹೆಣದ ತಲೆದೆಸೆಯಲ್ಲಿ ಕೂತಿದ್ದ ತಮ್ಮನಿಗೆ ಯಾರೂ ಕಳಿಸುವುದಿಲ್ಲ. ಕಾತ್ಸುಮಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

“ನೋಡೇ ಇಲ್ಲಿ! ನನ್ನ ಅವ್ವ ಸತ್ತದ್ದನ್ನ ನನಗೇ ಹೇಳ್ತಿದ್ದಾನೆ!”

ಹೆಂಡತಿ ಸುಮಿಯೆ ಹಿತ್ತಲಿನಲ್ಲಿ ಉಪ್ಪಿನಕಾಯಿ ಸೊಪ್ಪು ತೊಳೆಯುತ್ತಿದ್ದಳು. ತಣ್ಣೀರಿಗೆ ಕೈ ಕೆಂಪಾಗಿತ್ತು. ಕಾರ್ಡನ್ನು ಮುಟ್ಟದೆ ಓದಿದಳು.

“ಅವರ ಹೆಂಡ್ತಿ ಪಟ್ಟಿ ನೋಡ್ಕೊಂಡು ಬರೆದಿರ್ತಾರೆ. ಪಟ್ಟೀಲಿ ನಿಮ್ಮ ಹೆಸರಿತ್ತು, ಹಾಕಿದ್ರು.”

“ಪಟ್ಟೀಲಿ! ಹಲ್ಲು ಕೀಳೋ ಡಾಕ್ಟರ ಕೆಳಗೆ ಇತ್ತೇನೋ ನನ್ನ ಹೆಸರು!”

“ಅದಿರ್ಲಿ, ಶನಿವಾರಕ್ಕೆ ಅವರು ಬರ್ತಾರೋ ಇಲ್ವೋ, ಅದನ್ನ ಹೇಳಿ ಮೊದ್ಲು.”

ಶನಿವಾರ ನಲವತ್ತೊಂಬತ್ತನೇ ದಿನ. ಅಂದು ದೇವಸ್ಥಾನದಲ್ಲಿ ಪಾರಾಯಣ ಮುಗಿಸಿ, ಗುಡ್ಡದ ಮೇಲಿನ ಮನೆತನದ ಸಮಾಧಿಯ ಕಲ್ಲು ಸರಿಸಿ, ಅವ್ವನ ಎಲುಬನ್ನು ಒಳಗಿಡಬೇಕು. ಅವ್ವ ಆಸ್ಪತ್ರೆಯಲ್ಲಿ ಕೊನೆಯದಾಗಿ ಬುದ್ಧಿ ನೆಟ್ಟಗಿದ್ದ ದಿನ ಹೇಳಿದ್ದು ಒಂದೇ ಮಾತು. “ನನ್ನ ಒಳಗಿಡೋವಾಗ ಮಸಾನೂ ಕೈ ಹಾಕ್ಲಿ. ನೀನೊಬ್ಬನೇ ಇಡೋಕೆ ಬಂದ್ರೆ ನಾನು ಒಳಗೆ ಹೋಗೋಳಲ್ಲ, ನೋಡ್ಕೊ.” ಆ ಮುದುಕಿ ಹೇಳಿದ ಮಾತು ನಡೆಸದೆ ಬಿಡುವವಳಲ್ಲ. ಸತ್ತ ಮೇಲೂ ಅಷ್ಟೇ ಎಂದು ಕಾತ್ಸುಮಿ ನಂಬಿದ್ದ.

ಅವನು ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ಅತ್ತಿಗೆ ಎತ್ತಿ, “ಅವರು ಕೋಟೆಗೆ ಹೋಗಿದ್ದಾರೆ, ತಿಳಿಸ್ತೀನಿ” ಎಂದಿದ್ದಳು. ತಿರುಗಿ ಬಂದದ್ದು ಈ ಕಾರ್ಡು.

ಗುರುವಾರ ಮಧ್ಯಾಹ್ನದ ಬಸ್ಸು ಹತ್ತಿದ. ಬಸ್ಸಿನವರೆಗೂ ಬಂದ ಸುಮಿಯೆ ಅವನ ಕೋಟಿನ ಗುಂಡಿ ಹಾಕುತ್ತ ಹೇಳಿದಳು: “ಕರೆಯೋಕೆ ಹೋಗ್ತಿರೋದು ನೀವು. ಬೈಯೋಕಲ್ಲ.”

“ನಾನು ಯಾವಾಗ ಬೈದೆ?”

ಸುಮಿಯೆ ಕೊನೆಯ ಗುಂಡಿ ಹಾಕಿದಳು. ಬಸ್ಸಿನ ಚಾಲಕ ನಕ್ಕ. ಚಳಿಗಾಲವಿಡೀ ಆ ದಾರಿಯ ಹಿಮ ತಳ್ಳುವ ಯಂತ್ರ ಓಡಿಸುವವನು ಕಾತ್ಸುಮಿಯೇ. ಅಡ್ಡ ನಿಲ್ಲಿಸಿದ ಕಾರುಗಳಿಗೆ ಅವನು ಹಾಕುವ ಬೈಗುಳ ಕಣಿವೆಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು.

ಮತ್ಸುಮೊತೊ ತಲುಪಿದಾಗ ಮೂರು ಗಂಟೆ ದಾಟಿತ್ತು. ಪೇಟೆಯಲ್ಲಿ ಹಿಮವಿರಲಿಲ್ಲ, ಪಡುವಣ ಬೆಟ್ಟಗಳ ತಲೆ ಮಾತ್ರ ಬೆಳ್ಳಗಾಗಿತ್ತು. ಕಂದಕದ ನೀರಿನಲ್ಲಿ ಕರಿಯ ಕೋಟೆ ತಲೆಕೆಳಗಾಗಿ ನಿಂತಿತ್ತು. ಅದರ ಎದುರು ಜನ ಬೆನ್ನು ತಿರುಗಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಾತ್ಸುಮಿ ಯಾವುದನ್ನೂ ನೋಡದೆ ನೇರ ಬಾಗಿಲ ಬಳಿಯ ಚಪ್ಪರಕ್ಕೆ ಹೋದ. ಕೋಟೆ ತೋರಿಸುವ ಸ್ವಯಂಸೇವಕರು ಕೂರುವ ಜಾಗ ಅದು. ಅಣ್ಣ ಅಲ್ಲಿಯೇ ಇದ್ದ. ನೀಲಿ ತೋಳಿಲ್ಲದ ಮೇಲಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ, ಕೈಯಲ್ಲಿ ಹಳದಿ ಬಾವುಟ. ಅರವತ್ತಾರು ವರ್ಷಕ್ಕೆ ಬೆನ್ನು ಕೋಲಿನಂತೆ ನೆಟ್ಟಗಿತ್ತು. ಪುರಸಭೆಯಲ್ಲಿ ಮೂವತ್ತೈದು ವರ್ಷ ಕುರ್ಚಿಯ ಮೇಲೆ ಕೂತವನ ಬೆನ್ನು ಹೀಗಿದ್ದರೆ, ಗದ್ದೆಯಲ್ಲಿ ಬಗ್ಗಿದವನ ಬೆನ್ನು ಏಕೆ ಬಾಗಿಯೇ ಉಳಿಯುತ್ತದೋ ಎಂದು ಕಾತ್ಸುಮಿ ಮನಸ್ಸಿನಲ್ಲೇ ಕುದಿದ.

“ಅಣ್ಣ.”

ಮಸಾತೊಶಿ ಅವನನ್ನು ನೋಡಿದ. ಕಣ್ಣು ಒಂದು ಗಳಿಗೆ ನಿಂತಿತು. ಆಮೇಲೆ ಸೊಂಟದಿಂದ ಬಗ್ಗಿ ನಮಸ್ಕರಿಸಿದ.

“ಕೋಟೆಗೆ ಬಂದ ತಮಗೆ ಸ್ವಾಗತ. ಇಂದಿನ ಕೊನೆಯ ತಂಡ ಮೂರೂ ನಲವತ್ತಕ್ಕೆ ಹೊರಡುತ್ತದೆ.”

“ಏನು ತಮಗೆ? ನಾನು ಕಣೋ! ಎರಡೇ ಎರಡು ಮಾತು, ಈ ಕಡೆ ಬಾ.”

“ಕ್ಷಮಿಸಬೇಕು. ಕರ್ತವ್ಯದ ಹೊತ್ತಿನಲ್ಲಿ ಸ್ವಂತ ಮಾತಿಗೆ ಅವಕಾಶವಿಲ್ಲ.”

“ಸಂಬಳ ಇಲ್ಲದ ಕೆಲಸಕ್ಕೆ ಎಂಥಾ ಕರ್ತವ್ಯಾನೋ!”

ಮೇಜಿನ ಹಿಂದೆ ಕೂತಿದ್ದ ಫುರುಹಾತ ಎಂಬ ಹೆಂಗಸು ಪುಸ್ತಕ ಮುಂದೆ ತಳ್ಳಿದಳು. ದುಂಡು ಮುಖ, ದಾರಕ್ಕೆ ಕಟ್ಟಿದ ಕನ್ನಡಕ. “ತಂಡಕ್ಕೆ ಸೇರ್ತೀರಾ? ಹೆಸರು ಇಲ್ಲಿ ಬರೀರಿ. ಎಲ್ಲಿಂದ ಬಂದ್ರಿ ಅನ್ನೋದು ಇಲ್ಲಿ. ಟಿಕೆಟ್ಟು ಆ ಕಿಟಕೀಲಿ.”

“ನನಗೆ ಕೋಟೆ ಬೇಡಮ್ಮ. ಇವನು ಬೇಕು.”

“ಮೊಮೊಸೆಯವರೇ ಈ ತಂಡದ ಮಾರ್ಗದರ್ಶಿ. ಸೇರ್ಕೊಂಡ್ರೆ ಒಂದು ಗಂಟೆ ಅವರ ಜೊತೇಲೇ ಇರ್ತೀರಲ್ಲ.”

ಬೇರೆ ದಾರಿ ಕಾಣಲಿಲ್ಲ. ಕೋಟೆ ಮುಚ್ಚುವುದು ಐದಕ್ಕೆ, ಅವನ ಬಸ್ಸು ಐದೂ ಇಪ್ಪತ್ತಕ್ಕೆ. ಅಣ್ಣನೊಡನೆ ಮಾತನಾಡಲು ಟಿಕೆಟ್ಟು ಕೊಳ್ಳಬೇಕಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡೇ ಹೋಗಿ ಟಿಕೆಟ್ಟು ತಂದ.

ತಂಡವೆಂದರೆ ಮೂರೇ ಜನ. ಕಾತ್ಸುಮಿ, ಮತ್ತೆ ಓಸಾಕಾದಿಂದ ಬಂದ ಗಂಡ ಹೆಂಡತಿ. ಗಂಡನ ಕೊರಳಲ್ಲಿ ದೊಡ್ಡ ಕ್ಯಾಮೆರಾ, ಬಾಯಲ್ಲಿ ಮಾತೇ ಇಲ್ಲ. ಆ ಕೊರತೆಯನ್ನು ಹೆಂಡತಿ ತುಂಬುತ್ತಿದ್ದಳು.

“ನೀವೊಬ್ರೇ ಬಂದ್ರಾ? ಹೆಂಡ್ತೀನ ಕರ್ಕೊಂಡು ಬರ್ಬೇಕಿತ್ತು!” ಎಂದಳು ಕಾತ್ಸುಮಿಗೆ.

“ಅವಳಿಗೆ ಉಪ್ಪಿನಕಾಯಿ ಕೆಲಸ.”

“ಅಯ್ಯೋ, ಅದೃಷ್ಟವಂತೆ. ನಾನು ಇವರನ್ನ ಹೊತ್ಕೊಂಡು ತಿರುಗ್ತೀನಿ.”

ಬಾಗಿಲಲ್ಲಿ ಶೂ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದರು. ಹಲಗೆಯ ನೆಲ ಕಾಲುಚೀಲದೊಳಕ್ಕೆ ತಣ್ಣಗೆ ಇಳಿಯಿತು. ಮಸಾತೊಶಿ ಶುರುಮಾಡಿದ. ಈ ಕಂಬಗಳು ಎಷ್ಟು, ಗೋಡೆ ಎಷ್ಟು ದಪ್ಪ, ಈ ಕಂಡಿಯಿಂದ ಕಲ್ಲು ಹೇಗೆ ಬೀಳಿಸುತ್ತಿದ್ದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಗುರು ತೂರಿಸಲು ಜಾಗವಿರಲಿಲ್ಲ.

“ಅಣ್ಣ, ಶನಿವಾರ...”

“ಪ್ರಶ್ನೆಗಳಿದ್ದರೆ ಪ್ರತಿ ಅಂತಸ್ತಿನ ಕೊನೆಯಲ್ಲಿ ಕೇಳಬಹುದು.”

ಕಾತ್ಸುಮಿ ಕಾದ. ಅಂತಸ್ತಿನ ಕೊನೆ ಬಂತು. ಅವನು ಬಾಯಿ ತೆರೆಯುವಷ್ಟರಲ್ಲಿ ಓಸಾಕಾದ ಹೆಂಗಸು, “ಇಷ್ಟು ಕಲ್ಲು ಮೇಲಕ್ಕೆ ಹೊತ್ತೋರು ಯಾರು?” ಎಂದಳು. ಮಸಾತೊಶಿಗೆ ಬೇಕಿದ್ದದ್ದೇ ಅದು. ಮತ್ತೆ ಐದು ನಿಮಿಷ.

ಎರಡನೇ ಅಂತಸ್ತಿನಲ್ಲಿ ಹಳೆಯ ಬಂದೂಕುಗಳು. ಕಾತ್ಸುಮಿ ಅಣ್ಣನಿಗೂ ಗಾಜಿನ ಪೆಟ್ಟಿಗೆಗೂ ನಡುವೆ ಹೋಗಿ ನಿಂತ. ಮಸಾತೊಶಿ ಬಾವುಟದ ತುದಿಯಿಂದ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಅತಿಥಿಗಳು ದಯವಿಟ್ಟು ಈ ಗೆರೆಯ ಆಚೆ” ಎಂದ. ಮೂರನೆಯದರಲ್ಲಿ ಕಿಟಕಿಯೇ ಇಲ್ಲ. ಆ ನಸುಗತ್ತಲಲ್ಲಿ ಅಣ್ಣನ ಅಂಗಿಯ ತುದಿ ಅವನ ಕೈಗೆ ಸಿಕ್ಕಿತು. ಜೇಬಿನಿಂದ ಕಾರ್ಡು ತೆಗೆದು ಮೂಗಿಗೆ ಹಿಡಿದ.

“ಇದೇನಿದು? ಹೇಳು! ನನಗೆ ಯಾಕೆ ಕಳಿಸ್ದೆ?”

ಮಸಾತೊಶಿ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದ. ಅವನ ಹುಬ್ಬು ಗಂಟಾಯಿತು. ಕಳಿಸಿದ್ದು ಅವನಿಗೆ ಗೊತ್ತೇ ಇರಲಿಲ್ಲವೆಂದು ಕಾತ್ಸುಮಿಗೆ ಅರ್ಥವಾಯಿತು. ಇನ್ನಾದರೂ ಮನುಷ್ಯನಂತೆ ಒಂದು ಮಾತು ಹೇಳುತ್ತಾನೆ ಅಂದುಕೊಂಡ.

“ವಿಳಾಸದಲ್ಲಿ ಪಿನ್ ಕೋಡ್ ತಪ್ಪಿದೆ,” ಎಂದ ಮಸಾತೊಶಿ. ಕಾರ್ಡನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. “ತೊಂದರೆಯಾದದ್ದಕ್ಕೆ ಕ್ಷಮಿಸಿ. ಮುಂದಿನ ಮೆಟ್ಟಿಲು ಕಡಿದಾಗಿದೆ, ತಲೆ ಜೋಪಾನ.”

ಆ ಮೆಟ್ಟಿಲನ್ನು ಮೆಟ್ಟಿಲೆನ್ನುವುದಕ್ಕಿಂತ ಏಣಿ ಎನ್ನಬೇಕು. ಕಾತ್ಸುಮಿಯ ಬಲಮಂಡಿ ಎರಡು ವರ್ಷದಿಂದ ಕೆಟ್ಟಿತ್ತು. ಅವ್ವನನ್ನು ಸ್ನಾನಕ್ಕೆ ಎತ್ತಿ ಎತ್ತಿ ಆದದ್ದು. ಒಂದು ಕೈಯಲ್ಲಿ ಶೂ ಚೀಲ, ಇನ್ನೊಂದರಲ್ಲಿ ಕಂಬಿ. ನಾಲ್ಕರಿಂದ ಐದನೇ ಅಂತಸ್ತಿಗೆ ಹತ್ತುವಾಗ ನಟ್ಟನಡುವೆ ಮಂಡಿ ಕಚ್ಚಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಿಂದೆ ಓಸಾಕಾದವರು, ಅವರ ಹಿಂದೆ ಯಾವುದೋ ಶಾಲೆಯ ಮಕ್ಕಳ ಸಾಲು, ಮೇಲೆ ಇಳಿಯಲು ಕಾದವರು.

“ಏನಾಯ್ತಪ್ಪ? ನಿಮ್ಮ ಬೆನ್ನು ನೋಡ್ತಾ ನೋಡ್ತಾ ನನಗೆ ವಯಸ್ಸಾಗ್ತಿದೆ!” ಎಂದು ಹೆಂಗಸು ಕೆಳಗಿನಿಂದ ಕೂಗಿದಳು.

“ಮಂಡಿ!”

“ಗೈಡೇ, ಇವರ ಮಂಡಿ ಅಂತೆ!”

ಮೇಲಿನಿಂದ ಮಸಾತೊಶಿ ಬಗ್ಗಿ ನೋಡಿದ. ಈಗ ಕೈ ಕೊಡುತ್ತಾನೆ, ಈಗಲಾದರೂ ‘ಕಾತ್ಸು’ ಅನ್ನುತ್ತಾನೆ ಎಂದುಕೊಂಡ ಕಾತ್ಸುಮಿ. “ಗಾಬರಿ ಬೇಡ,” ಎಂದ ಮಸಾತೊಶಿ. “ಎಡಗಾಲು ಮೊದಲು, ಭಾರ ತೋಳಿನ ಮೇಲೆ. ಪ್ರತಿದಿನ ಒಬ್ಬರಾದರೂ ಇಲ್ಲಿ ಸಿಕ್ಕಿಕೊಳ್ಳುತ್ತಾರೆ.” ಕೈ ಕೊಡಲಿಲ್ಲ. ಕಾತ್ಸುಮಿ ಸಿಟ್ಟಿನ ಬಲದಲ್ಲೇ ಮೇಲೆ ಬಂದ.

ಆರನೆಯದೇ ಕೊನೆ. ಕಿಟಕಿಯ ಹೊರಗೆ ಪೇಟೆಯ ಮಾಡುಗಳು, ಅದರಾಚೆ ಗದ್ದೆ, ಅದರಾಚೆ ಬೆಟ್ಟದ ಗೋಡೆ. ಸೂರ್ಯ ಬೆಟ್ಟದ ಹಿಂದಕ್ಕೆ ಜಾರುತ್ತಿದ್ದ. ಮಸಾತೊಶಿ ಬಾವುಟ ಚಾಚಿ ಶಿಖರಗಳ ಹೆಸರು ಹೇಳತೊಡಗಿದ. ಕ್ಯಾಮೆರಾದ ಗಂಡ ಮೊದಲ ಬಾರಿಗೆ “ಆಹಾ” ಎಂದ.

“ಅಗೋ ಆ ತಗ್ಗಿನ ಒಳಗೆ ನಮ್ಮೂರು,” ಎಂದು ಕಾತ್ಸುಮಿ ನಡುವೆ ಬಾಯಿ ಹಾಕಿದ.

“ಹೌದಾ! ಇಷ್ಟು ಹತ್ತಿರದೋರು ಕೋಟೆ ನೋಡೋಕೆ ಬಂದ್ರಾ?” ಎಂದಳು ಹೆಂಗಸು.

“ಕೋಟೆ ನೋಡೋಕಲ್ಲ. ನಮ್ಮಣ್ಣನ್ನ ಕರೆಯೋಕೆ. ಇವನೇ ನಮ್ಮಣ್ಣ.”

ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. “ಮೂಗು ನೋಡಿದಾಗ್ಲೇ ಅಂದ್ಕೊಂಡೆ ನಾನು! ಹೇಳ್ಲಿಲ್ವಾ ನಿಮಗೆ?” ಎಂದು ಗಂಡನಿಗೆ ಮೊಣಕೈಯಿಂದ ತಿವಿದಳು. ಗಂಡ ಹೌದೆಂದೂ ಇಲ್ಲವೆಂದೂ ಹೇಳಲಿಲ್ಲ. “ಏನ್ರೀ ಗೈಡೇ, ತಮ್ಮನಿಗೆ ‘ತಾವು ತಾವು’ ಅಂತಿದ್ದೀರಲ್ಲ, ಜಗಳಾನಾ?”

“ಇಲ್ಲ,” ಎಂದ ಮಸಾತೊಶಿ. ಅವನ ದನಿ ಒಂದು ಎಳೆಯಷ್ಟೂ ಏರಲಿಲ್ಲ. “ಇವರು ಕಾರಾಸಾವಾ ಮನೆಯವರು. ನಾನು ಮೊಮೊಸೆ ಮನೆಯವನು. ಇಬ್ಬರ ಮನೆ ಬೇರೆ ಎಂದು ಇವರೇ ನನಗೆ ಕಲಿಸಿಕೊಟ್ಟದ್ದು.”

ಕಾತ್ಸುಮಿಯ ಕಿವಿ ಬಿಸಿಯಾಯಿತು. ಅಲ್ಲಿಗೆ ಬಂತು ಮಾತು. ಬರುತ್ತದೆಂದು ಬಸ್ಸಿನಲ್ಲಿ ಕೂತಾಗಲೇ ಗೊತ್ತಿತ್ತು.

ಮಸಾತೊಶಿ ಹಿರಿಮಗ. ಮನೆ, ಗದ್ದೆ, ಸಮಾಧಿ ಎಲ್ಲವನ್ನೂ ನೋಡಿಕೊಳ್ಳಬೇಕಾದವನು. ಇಪ್ಪತ್ತೆಂಟನೇ ವಯಸ್ಸಿಗೆ ಪೇಟೆಯ ಮೊಮೊಸೆ ಮನೆಗೆ ಮನೆ ಅಳಿಯನಾಗಿ ಹೋಗಿ ಹೆಸರನ್ನೂ ಬದಲಾಯಿಸಿಕೊಂಡ. ಆಗ ಇಪ್ಪತ್ತರ ಕಾತ್ಸುಮಿ ನಗೋಯಾದ ಕಾರ್ಖಾನೆಯಲ್ಲಿ ಮೋಟರು ಕೆಲಸ ಕಲಿಯುತ್ತಿದ್ದ. ಅಪ್ಪ ಹೋಗಿ ಅವನನ್ನು ಕರೆದುಕೊಂಡು ಬಂದ. ಅಲ್ಲಿಂದ ಇಲ್ಲಿಯವರೆಗೆ ಅವನು ಕಣಿವೆ ಬಿಟ್ಟಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ಸತ್ತಾಗ, ಮಸಾತೊಶಿ ಇಸ್ತ್ರಿ ಮಾಡಿದ ಕರಿಯ ಕೋಟು ತೊಟ್ಟು ಬಂದು ಮೊದಲ ಸಾಲಿನಲ್ಲಿ ಕೂತ. ಕಾತ್ಸುಮಿ ಎರಡು ರಾತ್ರಿ ನಿದ್ದೆಗೆಟ್ಟಿದ್ದ, ಸ್ವಲ್ಪ ಕುಡಿದೂ ಇದ್ದ. ಇಡೀ ಊರಿನೆದುರು, ಪುರೋಹಿತನೆದುರು, “ಇದು ಮನೆಯವರ ಸಾಲು. ಮೊಮೊಸೆಯವರೇ, ಅತಿಥಿಗಳಿಗೆ ಜಾಗ ಹಿಂದೆ” ಎಂದು ಕೂಗಿದ. ಮಸಾತೊಶಿ ಎದ್ದ. ಹಿಂದೆ ಹೋಗಿ ಕೂತ. ಆಮೇಲೆ ಊರಿಗೆ ಬರಲಿಲ್ಲ. ಅವ್ವನ ಅಂತ್ಯಕ್ರಿಯೆಗೆ ಬಂದಾಗಲೂ ಊರವರ ಸಾಲಿನ ಕೊನೆಯಲ್ಲಿ ನಿಂತು, ಊದುಬತ್ತಿ ಹಚ್ಚಿ, ಎಲುಬು ಆರಿಸುವ ಮೊದಲೇ ಹೊರಟುಹೋದ.

ಓಸಾಕಾದ ಹೆಂಗಸಿಗೆ ಏನು ಅರ್ಥವಾಯಿತೋ, ಗಂಡನ ತೋಳು ಹಿಡಿದು ಇನ್ನೊಂದು ಕಿಟಕಿಗೆ ಹೋದಳು. “ಈ ಕಡೆಯಿಂದಾನೂ ಒಂದು ತೆಗೀರಿ, ಬನ್ನಿ.”

“ಶನಿವಾರ ಹನ್ನೊಂದು ಗಂಟೆಗೆ ಅವ್ವನ್ನ ಇಡ್ತೀವಿ,” ಎಂದ ಕಾತ್ಸುಮಿ. ಎಷ್ಟೇ ತಗ್ಗಿಸಿದರೂ ದನಿ ಹಲಗೆಗಳಿಗೆ ಬಡಿಯಿತು. “ನಿನ್ನ ಕೈ ಬೇಕು ಅಂದ್ಲು ಅವಳು. ನಾನಲ್ಲ, ಅವಳು. ಬರ್ತೀಯೋ ಇಲ್ವೋ?”

ಮಸಾತೊಶಿ ಬಾವುಟವನ್ನು ಸುರುಳಿ ಸುತ್ತಿದ, ಬಿಚ್ಚಿದ.

“ನಾನು ಎಲ್ಲಿ ಕೂರಲಿ?” ಎಂದ.

ಅಷ್ಟೇ ಪ್ರಶ್ನೆ. ಮೊದಲ ಸಾಲಿನ ಮೊದಲ ಜಾಗ ಹಿರಿಮಗನದು. ಕರ್ಮ ಮಾಡುವವನು ಅಲ್ಲಿ ಕೂರುತ್ತಾನೆ, ಪುರೋಹಿತ ಮೊದಲು ಅವನಿಗೆ ತಲೆಬಾಗುತ್ತಾನೆ. ಹದಿನಾಲ್ಕು ವರ್ಷ ಅವ್ವನಿಗೆ ಗಂಜಿ ಕುಡಿಸಿದವನು ಯಾರು? ಅವಳು ಹಾಸಿಗೆಯಲ್ಲೇ ಮಾಡಿಕೊಂಡದ್ದನ್ನು ಬಳಿದವನು ಯಾರು, ಸುಮಿಯೆಯ ಕೈ ಒಡೆದು ರಕ್ತ ಬಂದದ್ದು ಯಾರ ಬಟ್ಟೆ ಒಗೆದು? ಆ ಜಾಗವನ್ನು ಬೆನ್ನು ನೆಟ್ಟಗಿರುವ ಈ ಮನುಷ್ಯನಿಗೆ ಎದ್ದು ಕೊಡಬೇಕೆ? ಕೊಡದಿದ್ದರೆ ಬರುವುದಿಲ್ಲ. ಬರದಿದ್ದರೆ ಅವ್ವ ಒಳಗೆ ಹೋಗುವುದಿಲ್ಲ.

“ಅದು... ಅಲ್ಲಿಗೆ ಬಂದ ಮೇಲೆ ನೋಡಿದ್ರಾಯ್ತು,” ಎಂದ.

“ಇಳಿಯುವ ದಾರಿ ಆ ಕಡೆ,” ಎಂದ ಮಸಾತೊಶಿ, ಮತ್ತೆ ಬಾವುಟ ಎತ್ತಿ.

ಇಳಿಯುವಾಗ ಸಿಕ್ಕಿದ್ದು ಚಂದ್ರನನ್ನು ನೋಡಲೆಂದೇ ಕಟ್ಟಿದ ಕೆಂಪು ಕಟಕಟೆಯ ಕೊನೆಯ ಕೋಣೆ. ಅಲ್ಲಿ ಮಸಾತೊಶಿ ಹೇಳಿದ ಒಂದು ಮಾತೂ ಕಾತ್ಸುಮಿಯ ತಲೆಗೆ ಹೋಗಲಿಲ್ಲ. ಗಡಿಯಾರ ನೋಡಿದ, ನಾಲ್ಕೂ ಐವತ್ತು. ಶೂ ಹಾಕಿಕೊಳ್ಳುವಾಗ ಲೇಸು ಗಂಟುಬಿದ್ದು, ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು.

ಚಪ್ಪರದ ಬಳಿ ಮಸಾತೊಶಿ ಮೂವರಿಗೂ ಬಗ್ಗಿ ನಮಸ್ಕರಿಸಿ, ತಂಡ ಮುಗಿಯಿತೆಂದ. ಓಸಾಕಾದವರು ಕೈ ಬೀಸಿ ಹೋದರು. ಹೋಗುವಾಗ ಹೆಂಗಸು ಕಾತ್ಸುಮಿಯ ಕಿವಿಯ ಹತ್ತಿರ ಬಂದು, “ನನ್ನ ತಂಗಿ ಜೊತೆ ನಾನು ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಯಾಕೆ ಅಂತ ಈಗ ಇಬ್ರಿಗೂ ನೆನಪಿಲ್ಲ” ಎಂದಳು. ಕಾತ್ಸುಮಿಗೆ ಎಲ್ಲವೂ ನೆನಪಿತ್ತು. ಅದೇ ಅವನ ಕಷ್ಟ.

ಫುರುಹಾತ ಒಂದು ಹಾಳೆ ಮತ್ತು ಮೋಟು ಪೆನ್ಸಿಲು ಕೊಟ್ಟಳು. “ಅಭಿಪ್ರಾಯದ ಹಾಳೆ. ಎಲ್ರೂ ತುಂಬಬೇಕು, ದಯವಿಟ್ಟು. ವಿವರಣೆ ಹೇಗಿತ್ತು, ಮಾರ್ಗದರ್ಶಿ ಹೇಗೆ ನಡ್ಕೊಂಡ್ರು, ಮೆಟ್ಟಿಲಲ್ಲಿ ತೊಂದ್ರೆ ಆಯ್ತಾ, ಕೊನೇಲಿ ಇತರೆ.”

ಹರಿದು ಹಾಕೋಣವೆನ್ನಿಸಿತು. ಆದರೆ ‘ಇತರೆ’ ಎಂದು ಬರೆದ ಕೆಳಗೆ ಅಂಗೈಯಷ್ಟು ಖಾಲಿ ಜಾಗವಿತ್ತು. ಬಾಯಿ ತೆರೆದರೆ ಕೂಗಾಟವಾಗುವ ಮನುಷ್ಯ ಆ ಖಾಲಿ ಜಾಗವನ್ನು ಒಂದು ನಿಮಿಷ ನೋಡಿದ. ಆಮೇಲೆ ಬಗ್ಗಿ ಬರೆಯತೊಡಗಿದ. ಪೆನ್ಸಿಲಿನ ಮೊನೆ ಒಂದು ಸಲ ಮುರಿಯಿತು. ಫುರುಹಾತ ಇನ್ನೊಂದು ಕೊಟ್ಟಳು. ಬರೆದು ಮುಗಿಸಿ, ಬೆವರು ಒರೆಸಿಕೊಂಡು, ಹಾಳೆಯನ್ನು ಮಡಿಸಿ ಅಣ್ಣನ ಕಡೆ ಚಾಚಿದ.

“ತಗೊ. ಓದು.”

ಮಸಾತೊಶಿ ಕೈ ಚಾಚಲಿಲ್ಲ. “ನಾನು ಓದುವ ಹಾಗಿಲ್ಲ. ನೇರ ಸಂಘಕ್ಕೆ ಹೋಗುತ್ತದೆ.”

“ಹೌದು,” ಎಂದು ಫುರುಹಾತ ಹಾಳೆಯನ್ನು ನಡುವೆಯೇ ತೆಗೆದುಕೊಂಡು ಬಿಡಿಸಿದಳು. “ಮಾರ್ಗದರ್ಶಿಗೆ ಹೆಸರಿಟ್ಟು ಬರೆದಿರ್ತಾರಲ್ಲ, ಮುಜುಗರ ಆಗ್ಬಾರ್ದು ಅಂತ ನಿಯಮ. ತಿಂಗಳ ಸಭೇಲಿ ಎಲ್ಲಾ ಸೇರಿಸಿ ಒಂದೇ ವರದಿ ಓದ್ತೀವಿ. ಮುಂದಿನ ಸಭೆ ಡಿಸೆಂಬರ್ ಇಪ್ಪತ್ತಕ್ಕೆ.”

“ಇಪ್ಪತ್ತಕ್ಕಾ! ನನಗೆ ನಾಡಿದ್ದು ಬೇಕಮ್ಮ!”

“ಅಯ್ಯೋ, ನೀವು ಎರಡನೇ ಪ್ರಶ್ನೆಗೆ ಗುರುತೇ ಹಾಕಿಲ್ಲ...” ಎಂದವಳು ಕೆಳಗೆ ಕಣ್ಣು ಹಾಯಿಸಿದಳು. ಕನ್ನಡಕ ತೆಗೆದಳು. ಮತ್ತೆ ಹಾಕಿಕೊಂಡಳು. “ಮೊಮೊಸೆಯವರೇ, ಇದು ಸಂಘದ ವಿಷಯ ಅಲ್ಲ ಅನ್ಸುತ್ತೆ.”

“ನಿಯಮ ನಿಯಮವೇ, ಫುರುಹಾತ ಅವರೇ,” ಎಂದ ಮಸಾತೊಶಿ.

ಆಗ ಕಾತ್ಸುಮಿಯ ತಾಳ್ಮೆ ಕಿತ್ತುಹೋಯಿತು.

“ನಿನ್ನ ನಿಯಮಕ್ಕೆ ಬೆಂಕಿ ಹಾಕ! ಕೇಳು, ಬಾಯಲ್ಲೇ ಹೇಳ್ತೀನಿ! ಅಪ್ಪನ ದಿನ ನಾನು ಮಾಡಿದ್ದು ತಪ್ಪು. ತಪ್ಪು, ತಪ್ಪು! ಇಪ್ಪತ್ತೆರಡು ವರ್ಷದಿಂದ ಗೊತ್ತು ನನಗೆ. ನೀನು ಮೊದಲ ಸಾಲಲ್ಲಿ ಕೂತ್ಕೋಬೇಕು. ಆದ್ರೆ ಮೊದಲ ಜಾಗ ಕೊಡಲ್ಲ. ಅದು ನಂದು. ಅವ್ವನ್ನ ನೋಡ್ಕೊಂಡೋನು ನಾನು. ಅದನ್ನ ಮಾತ್ರ ನೀನು ನೆಲ ಮುಟ್ಟಿ ಬೇಡಿದ್ರೂ ಕೊಡಲ್ಲ. ನನ್ನ ಪಕ್ಕ ಕೂತ್ಕೊ. ಕುಡಿಕೇನ ಇಬ್ರೂ ಹಿಡ್ಕೊಂಡು ಇಳಿಸೋಣ. ಇಷ್ಟೇ ನನ್ನ ಕೈಲಾಗೋದು. ಇದಕ್ಕೆ ಬರ್ತೀಯೋ ಇಲ್ವೋ, ಹೇಳ್ಬಿಡು!”

ಕಂದಕದ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೋಟೆ ಮುಚ್ಚುವ ಸಮಯವಾಯಿತೆಂದು ಧ್ವನಿವರ್ಧಕದಲ್ಲಿ ಒಬ್ಬಳು ಇಂಪಾಗಿ ಹೇಳತೊಡಗಿದಳು. ಅವಳು ಮುಗಿಸುವವರೆಗೂ ಮಸಾತೊಶಿ ಕಾದ. ಕೈಗಡಿಯಾರ ನೋಡಿಕೊಂಡ, ಐದು. ಎದೆಯ ಬಿಲ್ಲೆ ಕಳಚಿ ಮೇಜಿನ ಮೇಲಿಟ್ಟ. ನೀಲಿ ಅಂಗಿ ತೆಗೆದು ಮಡಿಸತೊಡಗಿದ. ಒಳಗೆ ಮೊಣಕೈ ಸವೆದ ಹಳೆಯ ಸ್ವೆಟರಿತ್ತು.

“ಮೊದಲ ಜಾಗ ನಿಂದೇ ಕಣೋ, ಕಾತ್ಸು,” ಎಂದ. “ಅದನ್ನ ಯಾರು ಕೇಳಿದ್ರು? ಬಿಟ್ಟುಹೋದೋನು ನಾನು. ಸಾಲು ಯಾವುದು ಅಂತ ಕೇಳಿದೆ, ಅಷ್ಟೇ.”

ಆರು ಅಂತಸ್ತು, ಅಷ್ಟೂ ಮೆಟ್ಟಿಲು, ಮಂಡಿಯ ನೋವು, ಬೆವರು ಎಲ್ಲ ಕಾತ್ಸುಮಿಗೆ ಒಟ್ಟಿಗೇ ನೆನಪಾಯಿತು.

“ಹಾಗಂತ... ಮೂರೂವರೆಗೇ ಹೇಳೋಕೆ ಏನಾಗಿತ್ತು ನಿನಗೆ?”

“ಕೆಲಸದ ಹೊತ್ತು.”

“ಥೂ! ಮೇಲೆ ಕಿಟಕಿ ಹತ್ರ ಕೇಳಿದ್ಯಲ್ಲ, ಆಗ ಕೆಲಸ ಇರ್ಲಿಲ್ವಾ?”

“ಅದು ತಪ್ಪಾಯ್ತು,” ಎಂದ ಮಸಾತೊಶಿ. ಪುರಸಭೆಯ ಗುಮಾಸ್ತನ ದನಿಯಲ್ಲೇ ಎಂದ. ಆದರೆ ಅಂಗಿ ಮಡಿಸುವ ಕೈಗಳು ಒಂದೇ ಮಡಿಕೆಯನ್ನು ಮೂರು ಸಲ ಮಾಡುತ್ತಿದ್ದವು. “ಅವ್ವ ನನ್ನ ಕೈ ಬೇಕು ಅಂದ್ಲು ಅಂತ ನೀನು ಅಂದ್ಮೇಲೆ ತಡೆಯೋಕಾಗ್ಲಿಲ್ಲ. ನಿಜವಾಗ್ಲೂ ಹಾಗಂದ್ಲಾ?”

“ಇಲ್ಲಾಂದ್ರೆ ನಾನು ಇಷ್ಟು ದೂರ ಬಂದು ಟಿಕೆಟ್ಟು ತಗೊಳ್ತಿದ್ನಾ?”

ಮಸಾತೊಶಿ ಹೌದೆಂಬಂತೆ ತಲೆ ಅಲ್ಲಾಡಿಸಿದ. ಬಹಳ ಹೊತ್ತು ಅಲ್ಲಾಡಿಸುತ್ತಲೇ ಇದ್ದ. ಆಮೇಲೆ, “ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ?” ಎಂದ.

“ಏಳೂ ಹತ್ತು. ದಪ್ಪ ಶೂ ಹಾಕ್ಕೊಂಡು ಬಾ, ಗುಡ್ಡದ ದಾರಿ ಹೆಪ್ಪುಗಟ್ಟಿದೆ. ಈ ಪೇಟೆ ಶೂನಲ್ಲಿ ಬಂದು ಬಿದ್ರೆ ನಾನು ಎತ್ತಲ್ಲ.”

“ಎತ್ತಬೇಡ.”

ಕಾತ್ಸುಮಿ ಗಡಿಯಾರ ನೋಡಿದ. ಐದೂ ಹನ್ನೆರಡು. ಈ ಮಂಡಿಯಲ್ಲಿ ನಿಲ್ದಾಣದವರೆಗೆ ಓಡಿದರೂ ಬಸ್ಸು ಸಿಗುವುದಿಲ್ಲ. ಮುಂದಿನದು ಏಳಕ್ಕೆ. ಅವನು ಹೋಗಲು ತಿರುಗಿದ, ಆದರೆ ಫುರುಹಾತ ಮೇಜಿನ ಹಿಂದಿನಿಂದ ಎದ್ದು ಬಂದು ಅಡ್ಡ ನಿಂತಿದ್ದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಕೈಯಲ್ಲಿ ಅದೇ ಹಾಳೆ, ಅದೇ ಪೆನ್ಸಿಲು.

“ಎರಡನೇ ಪ್ರಶ್ನೆ,” ಎಂದಳು. “ಖಾಲಿ ಇದ್ರೆ ಸಂಘದಲ್ಲಿ ತಗೊಳ್ಳಲ್ಲ.”

ಮಾರ್ಗದರ್ಶಿಯ ನಡವಳಿಕೆ ಹೇಗಿತ್ತು ಎಂಬುದು ಪ್ರಶ್ನೆ. ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ. ಕಾತ್ಸುಮಿ ಪೆನ್ಸಿಲು ಕಿತ್ತುಕೊಂಡು, ಪಕ್ಕದಲ್ಲಿ ಕತ್ತು ಚಾಚಿ ನೋಡುತ್ತಿದ್ದ ಅಣ್ಣನಿಗೆ ಕಾಣದಂತೆ ಎಡಗೈ ಅಡ್ಡವಿಟ್ಟು, ಹಾಳೆ ಹರಿಯುವಷ್ಟು ಒತ್ತಿ ‘ಕಳಪೆ’ಗೆ ಗುರುತು ಹಾಕಿದ.